ಆಲೂಗಡ್ಡೆಯ ಕಣ್ಣು ಮತ್ತು ಆರು ಬಗೆಯ ಪ್ರಶ್ನೆಗಳು

"ಆಲೂಗಡ್ಡೆ ಬೇರೋ, ಕಾಂಡವೋ?" ಅರಕಲಗೂಡು ಸೀಮೆಯ ಶಾಲೆಯೊಂದರಲ್ಲಿ ಹೀಗೆ ಕೇಳಿದರೆ ಪುಸ್ತಕ ಓದಿಕೊಂಡ ಮಕ್ಕಳು ಕೂಡಲೇ ಕೈ ಎತ್ತಿ "ಕಾಂಡ" ಎನ್ನುತ್ತಾರೆ. ಉತ್ತರ ಸರಿ, ಅಂಕವೂ ಸಿಗುತ್ತದೆ. "ಹಾಗೆಂದು ಹೇಗೆ ಗೊತ್ತು?" ಎಂದು ಮತ್ತೆ ಕೇಳಿ ನೋಡಿ. ಎತ್ತಿದ ಕೈಗಳಲ್ಲಿ ಹಲವು ಕೆಳಗಿಳಿಯುತ್ತವೆ.

ಈ ಎರಡು ಪ್ರಶ್ನೆಗಳ ನಡುವಣ ಅಂತರವನ್ನು ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಕ್ರಮವಾಗಿ ವಿಂಗಡಿಸಿ ತೋರಿಸಿದರು. ಮರುವರ್ಷ ಬ್ಲೂಮ್ ಭಾರತಕ್ಕೂ ಬಂದು ಮೌಲ್ಯಮಾಪನದ ಬಗ್ಗೆ ಕಾರ್ಯಾಗಾರಗಳನ್ನು ನಡೆಸಿದರು. 2001ರಲ್ಲಿ ಪರಿಷ್ಕರಿಸಿದ ಪಟ್ಟಿಯಂತೆ ಆಲೋಚನೆಗೆ ಆರು ಹಂತಗಳು: ಸ್ಮರಣೆ, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಮೌಲ್ಯಮಾಪನ, ಸೃಜನೆ. ಬಿ.ಎಡ್. ಓದಿದವರಿಗೆ ಈ ಹೆಸರುಗಳು ಹೊಸವಲ್ಲ. ಪಾಠಯೋಜನೆಯಲ್ಲಿ ಬರೆದದ್ದು ಎಷ್ಟರಮಟ್ಟಿಗೆ ತರಗತಿಗೆ ಇಳಿಯುತ್ತದೆ ಎಂಬುದು ಬೇರೆ ಮಾತು.

ಆಲೂಗಡ್ಡೆಯನ್ನೇ ಮುಂದಿಟ್ಟುಕೊಂಡು ನೋಡೋಣ. ಅದು ಕಾಂಡವೆಂದು ಹೇಳುವುದು ಸ್ಮರಣೆ. ಅದರ ಮೈಮೇಲಿನ ಕಣ್ಣುಗಳೇ ಮೊಗ್ಗುಗಳು, ಅಂಥ ಮೊಗ್ಗುಗಳು ಸಾಲಾಗಿ ಮೂಡುವುದು ಕಾಂಡದ ಗಿಣ್ಣುಗಳಲ್ಲಿ, ಆದ್ದರಿಂದ ಮಣ್ಣಿನೊಳಗಿದ್ದರೂ ಅದು ಕಾಂಡ ಎಂದು ತನ್ನ ಮಾತಿನಲ್ಲಿ ವಿವರಿಸುವುದು ಗ್ರಹಿಕೆ. ಬಿತ್ತನೆ ಗಡ್ಡೆಯನ್ನು ಹೋಳು ಮಾಡುವಾಗ ಕಣ್ಣಿಲ್ಲದ ಹೋಳನ್ನು ಏಕೆ ಬದಿಗೆ ಹಾಕುತ್ತಾರೆ ಎಂಬ ಪ್ರಶ್ನೆಗೆ ಉತ್ತರಿಸಲು ಆ ತಿಳಿವಳಿಕೆಯನ್ನು ಬಳಸಬೇಕು, ಅದು ಅನ್ವಯ. ಶುಂಠಿ, ಗೆಣಸು, ಕ್ಯಾರೆಟ್ ಮೂರನ್ನೂ ಮೇಜಿನ ಮೇಲಿಟ್ಟು ಯಾವುದು ಕಾಂಡ, ಯಾವುದು ಬೇರು, ಯಾವ ಗುರುತಿನಿಂದ ಎಂದು ಕೇಳಿದರೆ ವಿಶ್ಲೇಷಣೆ.

ಐದನೆಯ ಹಂತಕ್ಕೆ ಬಂದಾಗ ಪಾಠ ಹೊಲಕ್ಕೇ ಇಳಿಯುತ್ತದೆ. ಇಡೀ ಗಡ್ಡೆ ನೆಡುವುದು ಒಳ್ಳೆಯದೋ, ಹೋಳು ಮಾಡಿ ನೆಡುವುದೋ? ಇಡೀ ಗಡ್ಡೆಗೆ ಬೀಜದ ಖರ್ಚು ಹೆಚ್ಚು. ಹೋಳು ಮಾಡಿದರೆ ಬೀಜ ಉಳಿಯುತ್ತದೆ, ಆದರೆ ಮಳೆ ಜಾಸ್ತಿಯಾದರೆ ಕತ್ತರಿಸಿದ ಭಾಗ ಕೊಳೆಯುವ ಭಯ. ನಮ್ಮ ಜಿಲ್ಲೆಗೆ ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರದಿಂದ ಬರುತ್ತದೆ. ಅದರ ಬೆಲೆಯ ಚಿಂತೆ ಎಷ್ಟೋ ಮಕ್ಕಳ ಮನೆಯ ಚಿಂತೆಯೇ ಆಗಿದೆ. ಇಲ್ಲಿ ಒಂದೇ ಸರಿಯುತ್ತರವಿಲ್ಲ. ಮಗು ಒಂದು ಪಕ್ಷ ಹಿಡಿದು ಕಾರಣ ಕೊಡಬೇಕು. ಶಾಲೆಯ ಅಂಗಳದಲ್ಲಿ ಎರಡು ಸಾಲು ನೆಟ್ಟು ಪರೀಕ್ಷಿಸುವ ಕ್ರಮವನ್ನು ಮಕ್ಕಳೇ ರೂಪಿಸಿದರೆ ಅದು ಸೃಜನೆ.

ಗಮನಿಸಬೇಕಾದ ಸಂಗತಿ ಇದು: ಈ ಐದನೆಯ ಪ್ರಶ್ನೆಗೆ ಮೊದಲು ಬಾಯಿ ತೆರೆಯುವುದು ಹಿಂದಿನ ಬೆಂಚಿನ ಹುಡುಗನೇ ಇರಬಹುದು. ರಜೆಯಲ್ಲಿ ಅಪ್ಪ ಅಮ್ಮನ ಜೊತೆ ಕೂತು ಗಡ್ಡೆ ಹೋಳು ಮಾಡಿದವನು ಅವನು. ವ್ಯಾಖ್ಯೆ ಒಪ್ಪಿಸಲಾರದ್ದಕ್ಕೆ ಅವನಿಗೆ "ದಡ್ಡ" ಎಂಬ ಹೆಸರು ಬಿದ್ದಿರುತ್ತದೆ. ಆ ಹೆಸರನ್ನು ಅವನೂ ನಂಬಿಬಿಟ್ಟರೆ ಹತ್ತನೆಯ ತರಗತಿಗೆ ಮುಂಚೆಯೇ ಶಾಲೆ ಬಿಡುತ್ತಾನೆ. ಆರು ಹಂತಗಳಿರುವುದು ಪ್ರಶ್ನೆಗಳಿಗೆ, ಮಕ್ಕಳಿಗಲ್ಲ. ಸುಲಭದ ಪ್ರಶ್ನೆ ಹಿಂದಿನವರಿಗೆ, ಕಷ್ಟದ್ದು ಮುಂದಿನವರಿಗೆ ಎಂದು ಹಂಚುವ ಅಭ್ಯಾಸವನ್ನು ನಾನಂತೂ ಒಪ್ಪಲಾರೆ. ಮೆಟ್ಟಿಲು ಎಂಬ ಹೋಲಿಕೆಯೂ ಸ್ವಲ್ಪ ದಾರಿ ತಪ್ಪಿಸುತ್ತದೆ. ಹೊಲದಿಂದ ಶುರುಮಾಡಿ ವ್ಯಾಖ್ಯೆಗೆ ಬಂದರೂ ಪಾಠ ಪಾಠವೇ.

ಹಾಗೆಂದು ಬಾಯಿಪಾಠ ಬೇಡವೆಂದಲ್ಲ. ಮಗ್ಗಿ ಬಾರದವನಿಗೆ ಬೀಜದ ಲೆಕ್ಕ ಬರುವುದಿಲ್ಲ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಗೆ ಅಂಗಮಾರಿ ರೋಗ ತಗುಲಿ, ಬಂದೆರಗಿದ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಇದನ್ನು ನೆನಪಿಟ್ಟ ಮಗುವೇ "ಒಂದೇ ಬೆಳೆಯನ್ನು ನಂಬಿದ್ದರಿಂದ ಹೀಗಾಯಿತೇ? ನಮ್ಮಲ್ಲೂ ಅದೇ ರೋಗ ಬರುತ್ತದಲ್ಲ?" ಎಂದು ಮುಂದಿನ ಪ್ರಶ್ನೆ ಕೇಳೀತು.

ತಾವು ಹೆಚ್ಚು ಓದಿಲ್ಲವೆಂದು ಹಿಂಜರಿಯುವ ತಂದೆತಾಯಂದಿರೂ ಇದರಲ್ಲಿ ಕೈಜೋಡಿಸಬಹುದು. ಸಂಜೆ ಮಗು ಬಂದೊಡನೆ "ಏನು ಹೋಂವರ್ಕ್ ಕೊಟ್ಟರು?" ಎನ್ನುವುದರ ಜೊತೆಗೆ "ಇವತ್ತು ಟೀಚರನ್ನು ನೀನೇನು ಕೇಳಿದೆ?" ಎಂದೂ ವಿಚಾರಿಸಿ. ಅಡುಗೆಗೆ ತಂದ ಶುಂಠಿಯನ್ನೂ ಗೆಣಸನ್ನೂ ಅದರ ಕೈಗೆ ಕೊಡಿ, ಗಿಣ್ಣು ಯಾವುದರಲ್ಲಿದೆ ಹುಡುಕಲಿ. ಉತ್ತರ ಹೇಳಲು ಅವಸರ ಮಾಡಬೇಡಿ. ಒಲೆಯ ಮೇಲಿನ ಅನ್ನ ಬೇಯುವಷ್ಟು ಹೊತ್ತು ಕೊಡಿ.