ಬಿಡಿಭಾಗ ಬದಲಿಸಿದ ಮೇಲೆ ಸ್ಟೀರಿಂಗ್ ನಡುಗಿದರೆ

ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು, ಬಸವನಗುಡಿಯ ಗ್ಯಾರೇಜಿನಲ್ಲಿ ಕಾರಿನ ಲೋಯರ್ ಆರ್ಮ್, ಟೈ ರಾಡ್ ಎಂಡ್ ಬದಲಿಸಿ, ಕನಕಪುರ ರಸ್ತೆ ಹಿಡಿದಿರೆನ್ನೋಣ. ಸ್ಟೀರಿಂಗ್ ನಡುಗತೊಡಗಿತು. ಹೊಸ ಭಾಗವನ್ನು ಕೂಡಲೇ ದೂರಬೇಡಿರಿ. ನಡುಕ ಯಾವಾಗ ಬರುತ್ತದೆಂದು ಗಮನಿಸಿರಿ.

ಗಂಟೆಗೆ 80 ಕಿ.ಮೀ. ಆಸುಪಾಸಿನಲ್ಲಿ ಮಾತ್ರ ನಡುಗಿದರೆ ಮುಂದಿನ ಚಕ್ರಗಳ ಬ್ಯಾಲೆನ್ಸ್ ನೋಡಿಸಿರಿ. ಚಕ್ರ ಬಿಚ್ಚಿದಾಗ ಅಂಚಿನ ತೂಕದ ತುಣುಕು ಉದುರಿರಬಹುದು. ಹಬ್ಬಿನ ಮೇಲೆ ತುಕ್ಕು, ಮಣ್ಣು ಉಳಿದರೂ ಚಕ್ರ ಓರೆಯಾಗಿ ಕೂರುತ್ತದೆ. ಬ್ರೇಕ್ ಒತ್ತಿದಾಗ ಮಾತ್ರವಾದರೆ ಡಿಸ್ಕ್ ಪರೀಕ್ಷಿಸತಕ್ಕದ್ದು. ಅಲೈನ್‌ಮೆಂಟ್ ಹೇಗೂ ಮಾಡಿಸಲೇಬೇಕು. ಆದರೆ ಅದು ಗಾಡಿ ಪಕ್ಕಕ್ಕೆ ಎಳೆಯುವುದಕ್ಕೆ ಮದ್ದು, ನಡುಕಕ್ಕಲ್ಲ. ಎರಡನ್ನೂ ಒಂದೇ ಎಂದು ತಿಳಿದವರೇ ಬಹಳ.

ನಿಧಾನ ಹೋಗುವಾಗಲೂ ಅಲುಗಿದರೆ, ಟಕಟಕ ಸದ್ದು ಕೇಳಿದರೆ, ಮುಂದೆ ಹೋಗಬೇಡಿರಿ. ಚಕ್ರದ ಅಥವಾ ಟೈ ರಾಡಿನ ನಟ್ಟು ಸಡಿಲವಾಗಿರಬಹುದು. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಮೆಕ್ಯಾನಿಕನನ್ನು ಅಲ್ಲಿಗೇ ಕರೆಸಿರಿ.