ಹೆಸರಿಗೆ ಕೊಡುವ ದುಡ್ಡು

ಮಗಳು ಬಿ.ಎಸ್ಸಿ. ಫಿಸಿಕ್ಸ್ ಎಂದು ಪಟ್ಟು ಹಿಡಿದಾಗ ನೆಂಟರೆಲ್ಲ ‘ಮುಂದೇನು?’ ಎಂದರು. ನಾನು ಕೇಳಿದ್ದು ‘ಒಟ್ಟು ಎಷ್ಟು?’ ಅಂತ. ಮುಂಬಯಿ ವಿಶ್ವವಿದ್ಯಾಲಯದ ಹಳೆಯ ಕಾಲೇಜುಗಳಲ್ಲಿ ಫಿಸಿಕ್ಸ್ ಸಾಮಾನ್ಯವಾಗಿ ಅನುದಾನಿತ ವಿಭಾಗ. ಅದೇ ಕಟ್ಟಡದ ಬಿ.ಎಸ್ಸಿ. ಐಟಿಗೆ ಅನುದಾನವಿಲ್ಲ, ಹಾಗಾಗಿ ಫೀಸು ಹಲವು ಪಟ್ಟು. ನಿಮ್ಮ ಮಗುವಿನ ಸೀಟು ಅನುದಾನಿತವೋ ಅಲ್ಲವೋ ಎಂಬುದನ್ನು ಅರ್ಜಿ ತುಂಬುವ ಮೊದಲೇ ಕೇಳಿಕೊಳ್ಳಿ. ಅನುದಾನಿತವಾದರೆ ಫೀಸಿನ ಚಿಂತೆ ಬಹುಪಾಲು ಅಲ್ಲಿಗೇ ಮುಗಿಯಿತು.

ನಾವಿರುವುದು ಡೊಂಬಿವಲಿಯಲ್ಲಿ. ನಮ್ಮವರ ಕರ್ನಾಟಕ ಸಂಘದ ಮಂಜುನಾಥ ಕಾಲೇಜು ಹತ್ತಿರವೇ ಇದೆ, ಆದರೆ ಅದು ವಾಣಿಜ್ಯದ್ದು. ಫಿಸಿಕ್ಸ್‌ಗೆ ಊರೊಳಗೆ ಪೆಂಢರ್ಕರ್, ಠಾಣೆಯಲ್ಲಿ ಬಾಂದೋಡ್ಕರ್, ಕಲ್ಯಾಣದಲ್ಲಿ ಬಿರ್ಲಾ, ನವಿ ಮುಂಬಯಿ ಕಡೆ ಹೊಸ ಪನ್ವೇಲಿನ ಚಾಂಗು ಕಾನಾ ಠಾಕೂರ್ ಕಾಲೇಜುಗಳಿವೆ.

‘ಮಾಟುಂಗಾದ ರುಯಿಯಾಕ್ಕೆ ಹಾಕಿ ಭಾವ, ಹೆಸರಿಗೂ ಬೆಲೆ ಉಂಟಲ್ಲ’ ಎಂದ ಭಾಮೈದ. ಉಂಟು, ಇಲ್ಲವೆನ್ನಲಾರೆ. ಕಾಲೇಜಿನಿಂದ ಕನ್ಸೆಶನ್ ಫಾರ್ಮ್ ತಂದರೆ ಲೋಕಲ್ ಪಾಸಿನ ಖರ್ಚೂ ಹೆಚ್ಚಲ್ಲ. ಖರ್ಚಾಗುವುದು ಹೊತ್ತು. ಹೋಗಿ ಬರಲು ದಿನಕ್ಕೆ ಎರಡು ಗಂಟೆ ಹೆಚ್ಚಿಗೆ ಹಿಡಿದರೂ 200 ಕಾಲೇಜು ದಿನಕ್ಕೆ 400 ಗಂಟೆ, ಅದೂ ನಿಂತುಕೊಂಡೇ. ಬೆಳಿಗ್ಗೆ ಡೊಂಬಿವಲಿಯಿಂದ ಮುಂಬಯಿ ಕಡೆಗೆ ಕಾಲಿಡಲು ಜಾಗವಿಲ್ಲ. ಅದೇ ಹೊತ್ತಿಗೆ ಕಲ್ಯಾಣದ ಕಡೆ ಹೋಗುವ ಗಾಡಿಯಲ್ಲಿ ಕಿಟಕಿ ಪಕ್ಕದ ಸೀಟೇ ಸಿಗುತ್ತದೆ.

ಇನ್ನುಳಿದದ್ದು ಪ್ರಯೋಗಾಲಯ. ಕೇಳಿಕೊಂಡರೆ ತೋರಿಸುತ್ತಾರೆ. ಒಂದು ಕಡೆ ಸ್ಪೆಕ್ಟ್ರೋಮೀಟರುಗಳ ಮೇಲೆ ಹೊದಿಸಿದ ಬಟ್ಟೆಯಲ್ಲಿ ಬೆರಳಾಡಿಸಿದರೆ ಗೆರೆ ಮೂಡುವಷ್ಟು ಧೂಳು. ಇನ್ನೊಂದು ಕಡೆ ಸೋಡಿಯಂ ದೀಪದ ಹಳದಿ ಬೆಳಕಲ್ಲಿ ಒಬ್ಬಳು ಹುಡುಗಿ ಕಣ್ಣು ಕಿರಿದು ಮಾಡಿ ವರ್ನಿಯರ್ ಓದುತ್ತಿದ್ದಳು, ಪಕ್ಕದವಳು ಜರ್ನಲ್‌ನಲ್ಲಿ ಡಿಗ್ರಿ, ಮಿನಿಟು ಬರೆದುಕೊಳ್ಳುತ್ತಿದ್ದಳು. ‘ಪ್ರಾಕ್ಟಿಕಲ್ ಮುಗಿದ ಮೇಲೂ ಬಂದು ಕೂರುತ್ತಾರೆ’ ಎಂದು ಲ್ಯಾಬಿನ ಮಾಮಾ ಗೊಣಗಿದರು. ಆ ಗೊಣಗಾಟ ನನಗೆ ಪ್ರಾಸ್ಪೆಕ್ಟಸ್‌ಗಿಂತ ಹೆಚ್ಚು ಹೇಳಿತು. ಮತ್ತೆರಡು ಪ್ರಶ್ನೆಗಳನ್ನೂ ಕೇಳಬೇಕು: ಮೂರನೇ ವರ್ಷ ಫಿಸಿಕ್ಸ್ ಮೇಜರ್ ತೆಗೆದುಕೊಂಡವರು ಎಷ್ಟು ಜನ? ಕಾಯಂ ಅಧ್ಯಾಪಕರು ಎಷ್ಟು, ತಾಸಿನ ಲೆಕ್ಕದ ಸಿಎಚ್‌ಬಿಯವರು ಎಷ್ಟು?

ಮಗಳು ಕಲ್ಯಾಣಕ್ಕೇ ಹೋದಳು. ಫೀಸಿನಲ್ಲಿ ಉಳಿದ ದುಡ್ಡಿಗೆ ನಾನು ಕೆಲಸ ಕೊಟ್ಟೆ. ಫಿಸಿಕ್ಸ್ ಓದುವವರಿಗೆ ಬಿ.ಎಸ್ಸಿ. ಅಂದರೆ ಅರ್ಧ ದಾರಿ, ಎಂ.ಎಸ್ಸಿ. ತಪ್ಪಿದ್ದಲ್ಲ. ತಿಂಗಳಿಗೆ 3,000 ರೂಪಾಯಿಯ ಆರ್‌ಡಿ ಕಟ್ಟಿದರೆ ಮೂರು ವರ್ಷಕ್ಕೆ ಅಸಲೇ 1,08,000. ಐಐಟಿಗಳ ಎಂ.ಎಸ್ಸಿ.ಗೆ ದಾರಿಯಾದ ಜಾಮ್ ಪರೀಕ್ಷೆಯ ತಯಾರಿ, ಆಮೇಲೆ ಹಾಸ್ಟೆಲ್ಲಿನ ಮೊದಲ ಕಂತು, ಎರಡಕ್ಕೂ ಅದು ಆಧಾರ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ವಿನಾಯಿತಿ ಸಿಗುವುದು ಟ್ಯೂಷನ್ ಫೀಸಿಗೆ ಮಾತ್ರ, ಕೋಚಿಂಗಿಗಲ್ಲ.

ಹೊರಗಿನಿಂದ ಬರುವ ದುಡ್ಡನ್ನೂ ಬಿಡಬಾರದು. ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇ. 1ರೊಳಗೆ ಬಂದು ಮೂಲವಿಜ್ಞಾನ ಓದುವವರಿಗೆಂದೇ ಇರುವ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ. ಎಂಜಿನಿಯರಿಂಗಿಗೆ ಅದಿಲ್ಲ. ಆಯಾ ವರ್ಷದ ಅಧಿಸೂಚನೆ ನೋಡಿ ಅರ್ಜಿ ಹಾಕಿ. ಮಾನಖುರ್ದಿನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಪದವಿ ವಿದ್ಯಾರ್ಥಿಗಳಿಗಾಗಿ ನಿಯಸ್ ಎಂಬ ಕಾರ್ಯಕ್ರಮ ನಡೆಸುತ್ತದೆ. ಅಲ್ಲಿ ಆಯ್ಕೆಯಾದವರನ್ನು ಯಾವ ಊರಿನ ಕಾಲೇಜು ಎಂದು ಯಾರೂ ಕೇಳುವುದಿಲ್ಲ. ಠಾಣೆಯಿಂದ ಟ್ರಾನ್ಸ್ ಹಾರ್ಬರ್ ಗಾಡಿಯಲ್ಲಿ ವಾಶಿಗೆ ಬಂದರೆ, ಖಾಡಿ ದಾಟಿದ ಮುಂದಿನ ಸ್ಟೇಷನ್ನೇ ಮಾನಖುರ್ದ್.

ಭಾಮೈದನ ಮಾತು ಸುಳ್ಳಲ್ಲ, ಹೆಸರಿಗೆ ಬೆಲೆ ಇದೆ. ಆದರೆ ಫಿಸಿಕ್ಸ್‌ನಲ್ಲಿ ಮುಂದೆ ಕೇಳುವುದು ಕೊನೆಯ ಪದವಿ ಎಲ್ಲಿಯದು ಎಂದು. ಹೆಸರಿಗೆ ಖರ್ಚು ಮಾಡಲೇಬೇಕೆಂದರೆ ಎಂ.ಎಸ್ಸಿ.ಗೆ ಮಾಡಿ.