ಹಾರುಬೂದಿ, ಇದ್ದಿಲು ಮತ್ತು ಕಾಂಕ್ರೀಟಿನ ಗಾಳಿ

ಜಯನಗರದಲ್ಲಿ ಮನೆ ಕಟ್ಟುತ್ತಿರೋ ಜಾಗದಲ್ಲಿ ಸಿಮೆಂಟ್ ಚೀಲ ನೋಡಿ. ‘ಪಿಪಿಸಿ, ಫ್ಲೈ ಆಶ್ ಬೇಸ್ಡ್’ ಅಂತಿದ್ದರೆ ಅದರಲ್ಲಿ ಹಾರುಬೂದಿ ಇದೆ. ಐಎಸ್ 1489 ಪ್ರಕಾರ 15ರಿಂದ 35 ಪರ್ಸೆಂಟ್ ಇರಬಹುದು. ರಾಯಚೂರಿನ ಶಕ್ತಿನಗರ, ಬಳ್ಳಾರಿ ಹತ್ತಿರದ ಕುಡುತಿನಿಯಂಥ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿದಾಗ ಹೊಗೆಯಿಂದ ಹಿಡಿಯೋ ಪುಡಿ ಇದು. ಸಿಮೆಂಟ್ ಬಿಟ್ಟ ಸುಣ್ಣದ ಜೊತೆ ಇದರ ಸಿಲಿಕಾ ನಿಧಾನವಾಗಿ ಸೇರಿ ಗಟ್ಟಿಯಾಗುತ್ತೆ. ಇಲ್ಲಿವರೆಗೆ ಸಿಲಬಸ್‌ನಲ್ಲೇ ಇದೆ.

ತಲೆನೋವು ಬೂದಿಯದಲ್ಲ, ಅದರೊಳಗೆ ಉರಿಯದೆ ಉಳಿದ ಇದ್ದಿಲಿನದು. ವಾಟರ್ ಫಿಲ್ಟರ್‌ನಲ್ಲಿ ಕಾರ್ಬನ್ ಏನು ಮಾಡುತ್ತೋ ಅದನ್ನೇ ಇಲ್ಲೂ ಮಾಡುತ್ತೆ: ನೀರಲ್ಲಿರೋ ರಾಸಾಯನಿಕವನ್ನು ತನ್ನ ಮೈಗೆ ಎಳೆದುಕೊಳ್ಳುತ್ತೆ.

ಲಡಾಖ್‌ನಂಥ ಕಡೆ ಕಾಂಕ್ರೀಟಿನೊಳಗಿನ ನೀರು ಹೆಪ್ಪುಗಟ್ಟಿ, ಹಿಗ್ಗಿ, ಬಿರುಕು ಬಿಡಿಸುತ್ತೆ. ಹಿಗ್ಗೋಕೆ ಜಾಗ ಸಿಗಲಿ ಅಂತ ಸೋಪಿನಂಥ ಏರ್ ಎಂಟ್ರೇನಿಂಗ್ ಏಜೆಂಟ್ ಹಾಕಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆ ಎಬ್ಬಿಸ್ತಾರೆ. ಇದ್ದಿಲು ಆ ಸೋಪನ್ನೇ ನುಂಗಿದರೆ ಗುಳ್ಳೆ ಏಳಲ್ಲ. ಡೋಸ್ ಜಾಸ್ತಿ ಮಾಡಿದ್ರಾಯ್ತು ಅನ್ನಬಹುದು. ಆದರೆ ಮುಂದಿನ ಲೋಡ್ ಬೂದಿಯಲ್ಲಿ ಇದ್ದಿಲು ಕಡಿಮೆ ಇದ್ದರೆ ಅದೇ ಡೋಸ್‌ಗೆ ಗಾಳಿ ವಿಪರೀತ ಏರುತ್ತೆ. 1 ಪರ್ಸೆಂಟ್ ಗಾಳಿ ಹೆಚ್ಚಾದರೆ ಸ್ಟ್ರೆಂತ್ ಸುಮಾರು 5 ಪರ್ಸೆಂಟ್ ಇಳಿಯುತ್ತೆ ಅನ್ನೋದು ರೂಢಿಯ ಲೆಕ್ಕ. 4 ಪರ್ಸೆಂಟ್ ಏರಿದರೆ ಹೆಚ್ಚುಕಮ್ಮಿ ಐದನೇ ಒಂದು ಭಾಗ ಹೋಯ್ತು! ಹಾಗಾಗಿ ಇದ್ದಿಲು ಜಾಸ್ತಿ ಇರೋದಕ್ಕಿಂತ ಲೋಡಿಂದ ಲೋಡಿಗೆ ಬದಲಾಗೋದೇ ಹೆಚ್ಚು ಅಪಾಯ ಅಂತ ನನಗನ್ನಿಸುತ್ತೆ.

ಬೂದಿಯನ್ನು ಕಾಯಿಸಿ ಎಷ್ಟು ತೂಕ ಕಳೆಯಿತು ಅಂತ ನೋಡೋ ಪರೀಕ್ಷೆ ಲಾಸ್ ಆನ್ ಇಗ್ನಿಷನ್. ಐಎಸ್ 3812ರಲ್ಲಿ ಇದರ ಮಿತಿ 5 ಪರ್ಸೆಂಟ್. ಇದ್ದಿಲು ಸುಮಾರು ಎಷ್ಟಿದೆ ಅಂತ ಇದು ಹೇಳುತ್ತೆ, ಎಷ್ಟು ನುಂಗುತ್ತೆ ಅಂತ ಹೇಳಲ್ಲ. ಎರಡು ಬೂದಿಗಳ ಅಂಕಿ ಒಂದೇ ಇದ್ದರೂ ಹೊಟ್ಟೆಬಾಕತನ ಬೇರೆ ಇರಬಹುದು. ಅದಕ್ಕೆ ಫೋಮ್ ಇಂಡೆಕ್ಸ್ ಇದೆ: ಬಾಟಲಿಯಲ್ಲಿ ಬೂದಿ, ಸಿಮೆಂಟ್, ನೀರು ಹಾಕಿ, ಏಜೆಂಟನ್ನು ಹನಿಹನಿಯಾಗಿ ಬಿಟ್ಟು ಕುಲುಕೋದು. ನೊರೆ ಒಡೆಯದೆ ನಿಲ್ಲೋಕೆ ಎಷ್ಟು ಹನಿ ಬೇಕಾಯ್ತು ಅನ್ನೋದೇ ಉತ್ತರ. ಹತ್ತೇ ನಿಮಿಷದ ಕೆಲಸ, ಹಾಸ್ಟೆಲ್ ರೂಮಲ್ಲೂ ಮಾಡಬಹುದು (ವಾರ್ಡನ್ ಇಲ್ಲದಾಗ).

ಬೆಂಗಳೂರಲ್ಲಿ ಹಿಮ ಎಲ್ಲಿದೆ ಅಂತೀರಾ? ನಿಜ, ಇಲ್ಲಿ ಗುಳ್ಳೆಯ ಚಿಂತೆ ಅಷ್ಟಿಲ್ಲ. ಆದರೆ ಇದ್ದಿಲು ಸೂಪರ್‌ಪ್ಲಾಸ್ಟಿಸೈಸರನ್ನೂ ಸ್ವಲ್ಪ ನುಂಗುತ್ತೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಆರ್‌ಎಂಸಿ ಲಾರಿ ಬಿಟಿಎಂಗೆ ಬರೋ ಹೊತ್ತಿಗೆ ಕಾಂಕ್ರೀಟ್ ಬಿಗಿಯಾಗಿರುತ್ತೆ. ಆಗ ಯಾರಾದ್ರೂ ಪೈಪ್ ಹಿಡಿದು ನೀರು ಬಿಟ್ಟರೆ ವಾಟರ್–ಸಿಮೆಂಟ್ ಅನುಪಾತ ಏರಿ ಸ್ಟ್ರೆಂತ್ ಇಳೀತು ಅಂತಲೇ ಲೆಕ್ಕ. ಇಂಟರ್ನ್‌ಶಿಪ್‌ಗೆ ಸೈಟಿಗೆ ಹೋದಾಗ ಸ್ಲಂಪ್ ಕಡಿಮೆ ಬಂದರೆ ಪೈಪ್ ಕಡೆ ನೋಡೋ ಮೊದಲು ಆ ಲೋಡಿನ ಬೂದಿ ರಿಪೋರ್ಟ್ ಕೇಳಿ.